ಮೊಟ್ಟೆ, ನಿಂಬೆ, ಕೋಳಿ: ಕ್ಯಾಂಟನ್ನಿನ ಒಲೆಯ ಮೇಲೊಂದು ಗ್ರೀಕ್ ಸಾರು



ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ‘ಕೋನಿ ಐಲ್ಯಾಂಡ್’ ಎಂಬ ಫಲಕ ಹೊತ್ತ ಉಪಾಹಾರಗೃಹವೊಂದು ಇಲ್ಲದ ದೊಡ್ಡ ರಸ್ತೆಯನ್ನು ಹುಡುಕುವುದು ಕಷ್ಟ. ಹೆಸರು ನ್ಯೂಯಾರ್ಕಿನ ಕಡಲತೀರದ್ದು, ಪ್ರಸಿದ್ಧಿ ಸಾಸೇಜಿನ ಮೇಲೆ ಸುರಿಯುವ ಖಾರದ ಮಾಂಸದ್ದು, ಕಟ್ಟಿ ಬೆಳೆಸಿದವರು ಗ್ರೀಕರು. ಅಲ್ಲಿಯ ತಿನಿಸುಗಳ ಪಟ್ಟಿಯಲ್ಲಿ ‘ಲೆಮನ್ ರೈಸ್ ಸೂಪ್’ ಎಂಬ ಸಾಲು ಬಹುತೇಕ ತಪ್ಪದೆ ಇರುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಬೆಳೆದ ಕಿವಿಗೆ ಲೆಮನ್ ರೈಸ್ ಎಂದರೆ ಚಿತ್ರಾನ್ನ. ಚಿತ್ರಾನ್ನಕ್ಕೆ ಯಾರೋ ನೀರು ಬೆರೆಸಿದ್ದಾರೆಂದು ಎಣಿಸಿ, ಸಸ್ಯಾಹಾರವೆಂಬ ಧೈರ್ಯದಲ್ಲಿ ತರಿಸಿಕೊಂಡು, ಎರಡನೆಯ ಚಮಚದಲ್ಲಿ ಕೋಳಿಯ ಎಳೆಯನ್ನು ಕಂಡು ಬೆಚ್ಚುವುದು ಹೊಸಬರಿಗೆ ಸಹಜವೇ.

ಈ ಮಾತು ಆ ಸಾರನ್ನು ಕುರಿತದ್ದು. ಅದರ ಗ್ರೀಕ್ ಹೆಸರು ಅವ್ಗೊಲೆಮೊನೊ. ಅವ್ಗೊ ಎಂದರೆ ಮೊಟ್ಟೆ, ಲೆಮೋನಿ ಎಂದರೆ ನಿಂಬೆ. ಕೋಳಿಯ ತಿಳಿಸಾರಿನಲ್ಲಿ ಅಕ್ಕಿ ಬೇಯಿಸಿ, ಮೊಟ್ಟೆಯನ್ನೂ ನಿಂಬೆರಸವನ್ನೂ ಕಡೆದು ಸೇರಿಸಿ ಕೆನೆಯಂತೆ ಮಾಡಿದ ಸಾರು ಅದು. ಹಾಲಿಲ್ಲ, ಬೆಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಒಂದು ಹಿಡಿ ಸಾಸಿವೆ ಸಿಡಿದರೆ ಹೊಗೆಯ ಗಂಟೆ ಬಡಿದುಕೊಳ್ಳುವ ಇಲ್ಲಿನ ಮನೆಗಳಲ್ಲಿ ಇದೂ ಒಂದು ಅನುಕೂಲವೇ.

ಕ್ಯಾಂಟನ್ ಎಂಬ ಹೆಸರೇ ಒಂದು ಎರವಲು. 1834ರಲ್ಲಿ ಮಿಶಿಗನ್ನಿನ ಶಾಸಕರು ಈ ಸೀಮೆಯ ಟೌನ್‌ಶಿಪ್‌ಗಳಿಗೆ ಚೀನಾದ ಊರುಗಳ ಹೆಸರಿಟ್ಟರು: ಕ್ಯಾಂಟನ್, ನ್ಯಾಂಕಿನ್, ಪೀಕಿನ್. ಉಳಿದೆರಡು ಹೆಸರುಗಳು ಕಾಲಕ್ರಮದಲ್ಲಿ ಅಳಿದುಹೋದವು, ಕ್ಯಾಂಟನ್ ಉಳಿಯಿತು. ಒಂದು ಕಾಲಕ್ಕೆ ಹೊಲಗಳಿದ್ದ ಈ ನೆಲದಲ್ಲಿ ಈಗ ಫೋರ್ಡ್ ರಸ್ತೆಯ ಅಂಗಡಿ ಸಾಲು, ಐಕಿಯಾ ಮಳಿಗೆ, ಚೆರಿ ಹಿಲ್ ರಸ್ತೆಯ ಹಿಂದೂ ದೇವಸ್ಥಾನ, ಮಸೀದಿ, ಕೊತ್ತಂಬರಿ ಕಟ್ಟು ಸಿಗುವ ದಿನಸಿ ಅಂಗಡಿಗಳು ಎಲ್ಲವೂ ಇವೆ. ಮೋಟಾರು ಕಾರ್ಖಾನೆಗಳ ಬಳಿಕ ಗಣಕದ ಕೆಲಸಗಳನ್ನು ಹಿಂಬಾಲಿಸಿ ಬಂದ ಕನ್ನಡ ಕುಟುಂಬಗಳಿಗೂ ಇದು ಊರಾಗಿದೆ.

ಗ್ರೀಕರು ಈ ಕಡೆಗೆ ಬಂದದ್ದು ಅದಕ್ಕೂ ಎರಡು ಮೂರು ತಲೆಮಾರು ಮೊದಲು. ಡೆಟ್ರಾಯಿಟ್ಟಿನ ಲಫಾಯೆಟ್ ರಸ್ತೆಯ ಅಮೆರಿಕನ್ ಕೋನಿ ಐಲ್ಯಾಂಡ್ ತನ್ನ ಹುಟ್ಟನ್ನು 1917ಕ್ಕೆ ಎಣಿಸುತ್ತದೆ. ಅದನ್ನು ತೆರೆದವರು ಗಸ್ಟ್ ಕೆರೊಸ್. ಪಕ್ಕದ ಗೋಡೆಗೆ ಅಂಟಿಕೊಂಡ ಲಫಾಯೆಟ್ ಕೋನಿ ಐಲ್ಯಾಂಡ್ ಅವರ ತಮ್ಮನದಾಯಿತು. ಆ ಕಾಲದ ಗ್ರೀಕರನ್ನು ಅಮೆರಿಕ ಇಂದಿನ ಹಾಗೆ ಕಾಣುತ್ತಿರಲಿಲ್ಲ. 1909ರ ಫೆಬ್ರವರಿಯಲ್ಲಿ ನೆಬ್ರಾಸ್ಕಾದ ದಕ್ಷಿಣ ಒಮಾಹಾದಲ್ಲಿ ಗುಂಪೊಂದು ಗ್ರೀಕರ ಕೇರಿಗೆ ನುಗ್ಗಿ ಮನೆ ಅಂಗಡಿಗಳನ್ನು ಸುಟ್ಟಿತು. ಅಲ್ಲಿದ್ದ ಗ್ರೀಕರು ಊರು ಬಿಟ್ಟು ಓಡಬೇಕಾಯಿತು. 1924ರ ವಲಸೆ ಕಾಯಿದೆ ಗ್ರೀಸಿನಿಂದ ವರ್ಷಕ್ಕೆ 100 ಜನರಿಗಷ್ಟೇ ಬಾಗಿಲು ತೆರೆಯಿತು. ಅದೇ ಕಾಯಿದೆ ಏಷ್ಯಾದವರಿಗೆ ಆ ಬಾಗಿಲನ್ನೂ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತ್ತು.

ಆ ಬೀಗವನ್ನು ತೆಗೆದ 1965ರ ಕಾಯಿದೆಗೆ ಹೆಸರು ಕೊಟ್ಟ ಇಬ್ಬರಲ್ಲಿ ಒಬ್ಬರು ಮಿಶಿಗನ್ನಿನ ಸೆನೆಟರ್ ಫಿಲಿಪ್ ಹಾರ್ಟ್. ಎರಡನೆಯ ಸುತ್ತಿನ ಗ್ರೀಕರು ಬಂದು ಇನ್ನಷ್ಟು ಕೋನಿ ಐಲ್ಯಾಂಡ್‌ಗಳನ್ನು ತೆರೆದದ್ದೂ, ಭಾರತದ ವೈದ್ಯರು ಇಂಜಿನಿಯರುಗಳು ಬಂದಿಳಿದದ್ದೂ ಒಂದೇ ಕಾಯಿದೆಯ ಬಾಗಿಲಿನಿಂದ. ಮಿಶಿಗನ್ನಿನ ಪಂಪ ಕನ್ನಡ ಕೂಟ, ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ ಎರಡೂ 1970ರ ದಶಕದ ಆರಂಭದ ಕೂಸುಗಳು. ಇಂದು ಡೆಟ್ರಾಯಿಟ್ ಸುತ್ತಿನ ಅನೇಕ ಕೋನಿ ಐಲ್ಯಾಂಡ್‌ಗಳ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಅಲ್ಬೇನಿಯಾದವರು. ಸಾರು ಮಾತ್ರ ಬದಲಾಗಲಿಲ್ಲ. ಬದಲಾಗಲಿಲ್ಲ ಎನ್ನುವುದು ಪೂರ್ತಿ ನಿಜವೂ ಅಲ್ಲ: ಹಲವು ಕಡೆ ಮೊಟ್ಟೆಯ ಜಾಗವನ್ನು ಮೈದಾಹಿಟ್ಟು ಹಿಡಿದಿದೆ, ನಿಂಬೆಯ ಜಾಗವನ್ನು ಶೀಶೆಯ ರಸ ಹಿಡಿದಿದೆ. ಮನೆಯಲ್ಲೇ ಮಾಡಿಕೊಳ್ಳಬೇಕು ಎನ್ನುವುದಕ್ಕೆ ಅದೇ ಕಾರಣ.

ಶಿಕಾಗೋದ ಕತೆ ಬೇರೆ. ಹಾಲ್ಸ್ಟೆಡ್ ರಸ್ತೆಯ ಸುತ್ತ, ಜೇನ್ ಆಡಮ್ಸ್ ಅವರ ಹಲ್ ಹೌಸ್‌ಗೆ ಹತ್ತಿರದಲ್ಲಿ ಬೇರೂರಿದ್ದ ಗ್ರೀಕ್ ಕೇರಿಯ ಬಹುಭಾಗವನ್ನು ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕಾಗಿ 1960ರ ದಶಕದಲ್ಲಿ ಕೆಡವಲಾಯಿತು. ಉಳಿದ ಹೋಟೆಲುಗಳು ನಾಲ್ಕು ಹೆಜ್ಜೆ ಉತ್ತರಕ್ಕೆ ಸರಿದು ‘ಗ್ರೀಕ್‌ಟೌನ್’ ಆದವು. ಬೆಂಕಿ ಹಚ್ಚಿದ ಗಿಣ್ಣನ್ನು ‘ಓಪಾ’ ಎಂಬ ಕೂಗಿನೊಡನೆ ಮೇಜಿಗೆ ತರುವ ಆಟ ತನ್ನಲ್ಲೇ ಹುಟ್ಟಿತೆಂದು 1968ರಲ್ಲಿ ಆರಂಭವಾದ ಪಾರ್ಥೆನಾನ್ ಹೋಟೆಲು ಹೇಳಿಕೊಳ್ಳುತ್ತಿತ್ತು. ಜನರನ್ನು ಎಬ್ಬಿಸಿದ ಮೇಲೆ ಅವರ ಅಡುಗೆಯನ್ನು ತಮಾಷೆಯಾಗಿಸಿ ಉಳಿಸಿಕೊಳ್ಳುವುದು ನಗರಗಳಿಗೆ ಒಗ್ಗಿದ ವಿದ್ಯೆ.

ಈಗ ಒಲೆಯ ಕಡೆಗೆ.

ಒಂದೂವರೆ ಕಿಲೋ ತೂಕದ ಇಡೀ ಕೋಳಿ ಬೇಕು. ಮೂಳೆಯಿಲ್ಲದ ಎದೆಯ ತುಂಡುಗಳಿಂದ ಈ ಸಾರು ಆಗುವುದಿಲ್ಲ. ಸಾರಿಗೆ ಮೈ ಕೊಡುವುದು ಮೂಳೆ, ಚರ್ಮ, ಕೀಲುಗಳಿಂದ ಇಳಿಯುವ ಅಂಟು. ಹಲಾಲ್ ಅಂಗಡಿಯಿಂದ ತಂದ ಕೋಳಿಯಾದರೆ ಕೊರಳು ಕಾಲುಗಳೂ ಸಿಗಬಹುದು, ಅವನ್ನೂ ಹಾಕಬೇಕು. ದೊಡ್ಡ ಪಾತ್ರೆಯಲ್ಲಿ ಕೋಳಿಯಿಟ್ಟು ಮೂರು ಲೀಟರ್ ತಣ್ಣೀರು ಹುಯ್ಯಬೇಕು. ಕುದಿ ಬರುವ ಹೊತ್ತಿಗೆ ಮೇಲೆ ಬೂದುಬಣ್ಣದ ನೊರೆ ಕಟ್ಟುತ್ತದೆ. ಅದನ್ನು ಸೌಟಿನಿಂದ ತಾಳ್ಮೆಯಿಂದ ತೆಗೆಯಬೇಕು. ಬಳಿಕ ಸಿಪ್ಪೆ ಸುಲಿದ ಒಂದು ಈರುಳ್ಳಿ, ಎರಡು ಕ್ಯಾರೆಟ್, ಒಂದು ಸೆಲರಿ ದಂಟು, ಹತ್ತು ಕಾಳುಮೆಣಸು, ಎರಡು ಬೇ ಎಲೆ, ಉಪ್ಪು. ಭಾರತೀಯ ಅಂಗಡಿಯಲ್ಲಿ ಅದೇ ಇಂಗ್ಲಿಷ್ ಹೆಸರಿನಲ್ಲಿ ಮಾರುವ ಪಲಾವ್ ಎಲೆ ಬೇರೆ ಮರದ್ದು, ಅದಕ್ಕೆ ದಾಲ್ಚಿನ್ನಿಯ ನೆನಪಿದೆ. ಇಲ್ಲಿ ಬೇಕಾದದ್ದು ಮೆಡಿಟರೇನಿಯನ್ ಎಲೆ. ಉರಿ ತಗ್ಗಿಸಿ, ನೀರು ಮಿಸುಕುವಷ್ಟರಲ್ಲೇ ಇರಿಸಿ ಒಂದು ಗಂಟೆ ಕಾಲು ಬೇಯಿಸಬೇಕು. ಕುಕ್ಕರಿನಲ್ಲಿ ಮೂರು ಕೂಗು ಹಾಕಿಸಿದರೆ ಕೋಳಿ ಬೇಯುತ್ತದೆ ನಿಜ. ಆದರೆ ಸಾರು ಕದಡುತ್ತದೆ.

ಕೋಳಿಯನ್ನು ಹೊರತೆಗೆದು, ಆರಿದ ಮೇಲೆ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿಟ್ಟುಕೊಳ್ಳಬೇಕು. ಸಾರನ್ನು ಸೋಸಿ ಮತ್ತೆ ಒಲೆಗೇರಿಸಿ, ತೊಳೆದ ಮುಕ್ಕಾಲು ಬಟ್ಟಲು ಅಕ್ಕಿ ಹಾಕಬೇಕು. ಗ್ರೀಕರು ಗುಂಡನೆಯ ಗಿಡ್ಡ ಅಕ್ಕಿಯನ್ನು ಬಳಸುತ್ತಾರೆ, ಇಲ್ಲವೇ ಅಕ್ಕಿಯಾಕಾರದ ಓರ್ಜೊ ಎಂಬ ಗೋಧಿ ಶಾವಿಗೆಯನ್ನು. ಮನೆಯ ಡಬ್ಬಿಯಲ್ಲಿರುವ ಸೋನಾ ಮಸೂರಿ ನಡೆಯುತ್ತದೆ, ತುಸು ಹೆಚ್ಚು ಹೊತ್ತು ಬೆಂದು ಗಂಜಿಯಂತಾದರೆ ಒಳ್ಳೆಯದೇ. ಬಾಸುಮತಿ ಬೇಡ. ಅದು ತನ್ನ ಪಾಡಿಗೆ ತಾನು ಉದ್ದುದ್ದ ನಿಲ್ಲುತ್ತದೆ, ಗಂಜಿ ಬಿಡುವುದಿಲ್ಲ. ಮುಂದಿನ ಹಂತಕ್ಕೆ ಆ ಗಂಜಿಯೇ ಆಧಾರ.

ಮುಂದಿನ ಹಂತವೇ ಈ ಅಡುಗೆಯ ಜೀವ. ಮೂರು ಮೊಟ್ಟೆಗಳನ್ನು ಮುಂಚೆಯೇ ಹೊರಗಿಟ್ಟು ತಂಪು ಕಳೆದಿರಬೇಕು. ಬೋಗುಣಿಯಲ್ಲಿ ಅವನ್ನು ಒಡೆದು, ಬಣ್ಣ ತಿಳಿಯಾಗಿ ನೊರೆಯೇಳುವವರೆಗೆ ಚೆನ್ನಾಗಿ ಕಡೆದು, ಎರಡು ಹಳದಿ ನಿಂಬೆಯ ರಸ ಸೇರಿಸಬೇಕು. ಕೆಲವರು ಬಿಳಿಯನ್ನು ಬೇರೆಯಾಗಿ ಕಡೆಯುತ್ತಾರೆ, ಕೆಲವರು ಬಿಳಿಯನ್ನು ಬಿಟ್ಟೇ ಬಿಡುತ್ತಾರೆ. ಈಗ ಬಿಸಿ ಸಾರನ್ನು ಒಂದು ಸೌಟು ತೆಗೆದು, ಎಡಗೈಯಲ್ಲಿ ಎಳೆಯಾಗಿ ಸುರಿಯುತ್ತ ಬಲಗೈಯಲ್ಲಿ ಬಿಡದೆ ಕಲಕಬೇಕು. ಇನ್ನೊಂದು ಸೌಟು, ಮತ್ತೊಂದು ಸೌಟು. ಬೋಗುಣಿ ಬೆಚ್ಚಗಾದ ಮೇಲೆ ಒಲೆ ಆರಿಸಿ, ಆ ಮಿಶ್ರಣವನ್ನು ನಿಧಾನವಾಗಿ ದೊಡ್ಡ ಪಾತ್ರೆಗೆ ಇಳಿಸಬೇಕು. ಸುರಿಯುವಾಗ ತುಟಿಯಿಂದ ಮುತ್ತಿಕ್ಕುವ ಸದ್ದು ಮಾಡಿದರೆ ಸಾರು ಒಡೆಯದು ಎಂಬ ನಂಬಿಕೆ ಗ್ರೀಕ್ ಅಡುಗೆಮನೆಗಳಲ್ಲಿದೆ. ಸದ್ದಿನ ನೆಪದಲ್ಲಿ ಕೈ ನಿಧಾನವಾಗುತ್ತದೆ, ಅಷ್ಟೇ.

ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗುತ್ತದೆ. ಕುದಿಯುವ ಸಾರಿಗೆ ಅದನ್ನು ನೇರ ಸುರಿದರೆ ಕ್ಷಣದಲ್ಲಿ ಚೂರುಚೂರಾಗಿ ತೇಲುತ್ತದೆ. ಸ್ವಲ್ಪಸ್ವಲ್ಪವಾಗಿ ಬಿಸಿ ತಗುಲಿಸಿ, ತೆಳುವಾಗಿಸಿ, ಗಂಜಿಯ ನಡುವೆ ಹರಡಿದರೆ ಅದರ ಕಣಗಳು ಒಂದನ್ನೊಂದು ಹಿಡಿದು ಗಂಟಾಗಲು ಎಡೆ ಸಿಗುವುದಿಲ್ಲ. ಇನ್ನೂ ಹೆಚ್ಚಿನ ಶಾಖವನ್ನು ತಡೆದುಕೊಳ್ಳುತ್ತದೆ. ಮನೆಯಲ್ಲಿ ಬಸುರಿಯರೋ ವಯಸ್ಸಾದವರೋ ಇದ್ದರೆ ಸಾರು 71 ಡಿಗ್ರಿ, ಅಂದರೆ ಇಲ್ಲಿನ ಲೆಕ್ಕದ 160, ಮುಟ್ಟಿದೆಯೇ ಎಂದು ನೋಡುವುದು ಲೇಸು. ಅಕ್ಕಿಯ ಗಂಜಿ ಚೆನ್ನಾಗಿ ಇಳಿದಿದ್ದರೆ ಆ ಶಾಖಕ್ಕೆ ಅದು ಒಡೆಯುವುದಿಲ್ಲ.

ಕನ್ನಡದ ಅಡುಗೆಮನೆಗೆ ಈ ವಿದ್ಯೆ ಹೊಸದಲ್ಲ. ಮಜ್ಜಿಗೆಹುಳಿಗೆ ಕಡಲೆಬೇಳೆಯನ್ನೋ ಅಕ್ಕಿಯನ್ನೋ ನೆನೆಸಿ ಕಾಯಿಯೊಂದಿಗೆ ರುಬ್ಬಿ ಹಾಕುವುದು ಇದೇ ಉದ್ದೇಶಕ್ಕೆ: ಮೊಸರು ಒಡೆಯದಿರಲಿ ಎಂದು. ಮೊಸರು ಬಿದ್ದ ಮೇಲೆ ಉರಿ ತಗ್ಗಿಸುವ ಎಚ್ಚರವೂ ಅದೇ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಇಲ್ಲದಿದ್ದರೆ ಕಹಿಯಾಗುತ್ತದೆ ಎಂಬುದು ನಿಂಬೆಹಣ್ಣಿನ ಸಾರು ಮಾಡಿದವರಿಗೆಲ್ಲ ಗೊತ್ತು. ಮಜ್ಜಿಗೆಹುಳಿ ಬಲ್ಲ ಕೈಗೆ ಅವ್ಗೊಲೆಮೊನೊ ಮೊದಲ ಸಲಕ್ಕೇ ಒಲಿಯುತ್ತದೆ. ಮೊಟ್ಟೆ ಮುಟ್ಟಬಾರದೆಂದು ಬೆಳೆದ ಕೈಗಳಲ್ಲೇ ಆ ಮಜ್ಜಿಗೆಹುಳಿಯ ಹದ ಹೆಚ್ಚಾಗಿ ಉಳಿದಿದೆ ಎಂಬುದು ಇದರೊಳಗಿನ ಒಂದು ಸಣ್ಣ ವಿನೋದ.

ನಿಂಬೆಯ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ನಿಂಬೆ ಎಂದರೆ ತೆಳು ಸಿಪ್ಪೆಯ, ಗುಂಡನೆಯ ಸಣ್ಣ ಹಣ್ಣು. ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಲ್ಲಿನ ಅಂಗಡಿಗಳಲ್ಲಿ ಅದರ ಹತ್ತಿರದ ನೆಂಟ ಕೀ ಲೈಮ್. ಗ್ರೀಕ್ ಸಾರಿಗೆ ಸೇರುವುದು ದಪ್ಪ ಸಿಪ್ಪೆಯ ಹಳದಿ ಹಣ್ಣು. ಅದರ ಹುಳಿ ಮೃದು, ಪರಿಮಳವೂ ಬೇರೆ. ಸಣ್ಣ ನಿಂಬೆ ಹಿಂಡಿದರೂ ಸಾರು ಕೆಡುವುದಿಲ್ಲ, ಆದರೆ ತುಸು ಚುರುಕಾಗಿ ಕೋಳಿಯ ರುಚಿಯನ್ನು ಹಿಂದಿಡುತ್ತದೆ.

ಇಷ್ಟಕ್ಕೂ ಇದು ಗ್ರೀಕರ ಸಾರೇ? ಕೋಳಿಯನ್ನು ಮೊದಲು ಸಾಕಿದ್ದು ಆಗ್ನೇಯ ಏಷ್ಯಾದಲ್ಲಿ. ಅಕ್ಕಿ ಏಷ್ಯಾದ್ದು. ನಿಂಬೆಯ ಮೂಲವನ್ನು ಹುಡುಕುವವರು ಹಿಮಾಲಯದ ಪೂರ್ವ ತಪ್ಪಲಿನ ಕಡೆಗೆ ಬೆರಳು ತೋರುತ್ತಾರೆ. ಅರಬ್ಬರ ವ್ಯಾಪಾರದೊಂದಿಗೆ ಅದು ಪಡುವಣಕ್ಕೆ ಹೋಯಿತು. ಮೊಟ್ಟೆಯಿಂದ ಹುಳಿಸಾರನ್ನು ಮಂದಗೊಳಿಸುವ ವಿದ್ಯೆಯಂತೂ ಸ್ಪೇನಿನ ಯೆಹೂದಿಗಳಲ್ಲಿ ‘ಅಗ್ರಿಸ್ಟಾಡಾ’ ಎಂಬ ಹೆಸರಿನಲ್ಲಿತ್ತು, ಹುಳಿಗೆ ಕಾಯಿದ್ರಾಕ್ಷಿಯ ರಸವೂ ಬಳಕೆಯಾಗುತ್ತಿತ್ತು. 1492ರಲ್ಲಿ ಸ್ಪೇನಿನ ಅರಸರು ಅವರನ್ನು ಹೊರದಬ್ಬಿದಾಗ ಒಟ್ಟೋಮನ್ ಸಾಮ್ರಾಜ್ಯ ನೆಲೆ ಕೊಟ್ಟಿತು. ಬಹುಮಂದಿ ಸೆಲೋನಿಕಾದಲ್ಲಿ, ಇಂದಿನ ಥೆಸಲೋನಿಕಿಯಲ್ಲಿ, ನೆಲೆಸಿದರು. ಗ್ರೀಕ್ ಅಡುಗೆಗೆ ಈ ಸಾರು ಬಂದದ್ದು ಅವರ ಮೂಲಕವೆಂದು ಹಲವು ಆಹಾರ ಚರಿತ್ರೆಕಾರರ ಅಭಿಪ್ರಾಯ. ತುರ್ಕರಲ್ಲಿ ಅದರದೇ ರೂಪ ‘ತೆರ್ಬಿಯೆ’ ಆಗಿದೆ. 1943ರಲ್ಲಿ ನಾಜಿಗಳು ಸೆಲೋನಿಕಾದ ಯೆಹೂದಿಗಳನ್ನು ರೈಲು ರೈಲಾಗಿ ಆಶ್ವಿತ್ಸ್‌ಗೆ ಸಾಗಿಸಿದರು. ನಾಲ್ಕೂವರೆ ಶತಮಾನದ ಒಂದು ಊರು ಕೆಲವೇ ತಿಂಗಳಲ್ಲಿ ಬರಿದಾಯಿತು. ರಾಷ್ಟ್ರೀಯ ಖಾದ್ಯ ಎಂದು ಯಾವುದನ್ನಾದರೂ ಕರೆಯುವ ಮುನ್ನ ಅದನ್ನು ತಂದವರು ಏನಾದರು ಎಂದು ಕೇಳುವುದು ಒಳಿತು.

ಅಡುಗೆಗೂ ಧರ್ಮಕ್ಕೂ ಇರುವ ನಂಟಿನ ಇನ್ನೊಂದು ಮುಖವನ್ನೂ ಇದೇ ಸಾರು ತೋರುತ್ತದೆ. ಸಾಂಪ್ರದಾಯಿಕ ಗ್ರೀಕ್ ಕ್ರೈಸ್ತರು ಈಸ್ಟರಿಗೆ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಎಲ್ಲವನ್ನೂ ಬಿಡುತ್ತಾರೆ. ಆ ಉಪವಾಸವನ್ನು ಮುರಿಯುವುದು ಈಸ್ಟರಿನ ನಡುರಾತ್ರಿ, ಚರ್ಚಿನಿಂದ ಮನೆಗೆ ಬಂದು, ಮಾಗಿರಿತ್ಸಾ ಎಂಬ ಸಾರಿನಿಂದ. ಅದು ಕುರಿಮರಿಯ ಕರುಳು, ಈಲಿಗಳಿಂದ ಮಾಡಿ ಮೊಟ್ಟೆ ನಿಂಬೆ ಬೆರೆಸಿದ್ದು. ಮಂಡ್ಯ ಮೈಸೂರಿನವರು ಬೋಟಿ ಎನ್ನುವುದು ಅದನ್ನೇ. ವರ್ಷದ ಅತ್ಯಂತ ಪವಿತ್ರ ರಾತ್ರಿಯಲ್ಲಿ, ದೇವರ ಮನೆಯಿಂದ ನೇರ ಬಂದು, ಬೋಟಿಯ ಸಾರು. ಅದರಿಂದ ಯಾರ ದೇವರಿಗೂ ಮೈಲಿಗೆಯಾಗಿಲ್ಲ.

ಕರ್ನಾಟಕದಲ್ಲಿ ಮೊಟ್ಟೆಗೆ ಇಷ್ಟು ಸುಲಭದ ದಾರಿ ಸಿಗಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲೆಯ ಬಿಸಿಯೂಟಕ್ಕೆ ಬೇಯಿಸಿದ ಮೊಟ್ಟೆ ಸೇರಿದಾಗ ಹಲವು ಮಠಾಧೀಶರು ಎದುರು ನಿಂತರು. ಕಾರಣವೆಂದು ಹೇಳಿದ್ದು ತಾರತಮ್ಯ: ತಿನ್ನುವ ಮಗು, ತಿನ್ನದ ಮಗು ಎಂಬ ಭೇದ ಹುಟ್ಟುತ್ತದಂತೆ. ಬೇಡವೆಂದವರಿಗೆ ಬಾಳೆಹಣ್ಣಿತ್ತು. ಬಹುಪಾಲು ಮಕ್ಕಳು ಆರಿಸಿಕೊಂಡದ್ದು ಮೊಟ್ಟೆಯನ್ನೇ. ರಾಜ್ಯದಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಜನ ಮಾಂಸಾಹಾರಿಗಳೆಂದು 2014ರ ಸರ್ಕಾರಿ ಸಮೀಕ್ಷೆಯೇ ಹೇಳಿದ್ದರೂ ಉಳಿದವರ ತಟ್ಟೆ ಎಲ್ಲರ ಮಾದರಿಯಾಗಿ ಉಳಿದಿದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ ಕೊಡುವ ಏರ್ಪಾಡಾಯಿತು. ನಿಂಬೆಗೆ ಹೆಸರಾದ ವಿಜಯಪುರದಲ್ಲೇ ಮೊಟ್ಟೆಯ ಜಗಳವೂ ನಡೆದದ್ದನ್ನು ಅವ್ಗೊಲೆಮೊನೊ ಕಲಕುವ ಕನ್ನಡಿಗರು ಮರೆಯುವುದು ಕಷ್ಟ.

ಅದೇ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದ ಮುನ್ನ ಹೊರಬಿದ್ದ ಸೂಚನೆಯೊಂದರಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲೇ ಮಾಂಸಾಹಾರವನ್ನೂ ಇಟ್ಟಿದ್ದರು. ಮುದ್ದೆ ಕೋಳಿಸಾರಿನ ಸೀಮೆಯಲ್ಲಿ! ಬಾಡೂಟ ಬೇಕೆಂದು ಅಲ್ಲಿಯ ಸಂಘಟನೆಗಳು ಕೇಳಿದ್ದು ಜಿಹ್ವಾಚಾಪಲ್ಯಕ್ಕಲ್ಲ. ಕನ್ನಡದ ಹಬ್ಬದಲ್ಲಿ ತಮ್ಮ ಮನೆಯ ಅಡುಗೆ ಹೆಂಡದ ಪಕ್ಕದಲ್ಲಿ ನಿಲ್ಲಬೇಕೇ ಎಂಬ ಪ್ರಶ್ನೆ ಅದು. ಅಮೆರಿಕದಲ್ಲಿ ಅದೇ ಪ್ರಶ್ನೆ ಇನ್ನೂ ಮೆಲುದನಿಯಲ್ಲಿದೆ. ಇಲ್ಲಿಯ ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವಗಳ ಊಟ ಬಹುಪಾಲು ಸಸ್ಯಾಹಾರದ್ದು. ಕಾರಣಗಳು ಸುಳ್ಳಲ್ಲ: ಬಾಡಿಗೆಗೆ ಸಿಗುವ ಸಭಾಂಗಣ ದೇವಸ್ಥಾನದ್ದು, ಅಡುಗೆಯವರು ಕಡಿಮೆ, ಎಲ್ಲರೂ ತಿನ್ನಬಹುದಾದದ್ದು ಒಂದೇ ಎಲೆಗೆ ಸುಲಭ. ಆದರೆ ‘ಎಲ್ಲರೂ ತಿನ್ನಬಹುದಾದದ್ದು’ ಮೂವತ್ತು ನಲವತ್ತು ವರ್ಷ ನಡೆದರೆ ಕೊನೆಗೆ ‘ಕನ್ನಡಿಗರು ತಿನ್ನುವುದು’ ಎಂದಾಗುತ್ತದೆ. ಇಲ್ಲಿ ಹುಟ್ಟಿದ ಮಗುವಿಗೆ ಬಿಸಿಬೇಳೆಭಾತು ಕನ್ನಡವಾಗಿ, ತನ್ನಜ್ಜಿಯ ನಾಟಿಕೋಳಿ ಸಾರು ಬರೀ ಮನೆಯೊಳಗಿನ ಗುಟ್ಟಾಗಿ ಉಳಿಯುತ್ತದೆ. ಜಾತಿಯನ್ನು ಕಡಲಾಚೆ ಸಾಗಿಸಲು ಪೆಟ್ಟಿಗೆ ಬೇಕಿಲ್ಲ, ಊಟದ ಪಟ್ಟಿ ಸಾಕು. ಹಾಗೆಂದು ಎಲ್ಲರಿಗೂ ಕೋಳಿ ಬಡಿಸಬೇಕೆಂದು ಯಾರೂ ಕೇಳುತ್ತಿಲ್ಲ. ಎರಡು ಮೇಜು ಹಾಕಿ, ಎರಡಕ್ಕೂ ಹೆಸರು ಬರೆದಿಡುವುದು ಅಸಾಧ್ಯವಾದ ಕೆಲಸವೇನಲ್ಲ. ಕೋನಿ ಐಲ್ಯಾಂಡ್‌ಗಳೇ ಒಂದೇ ಪಟ್ಟಿಯಲ್ಲಿ ಗ್ರೀಕ್ ಸಾಲಡ್ಡನ್ನೂ ಮಾಂಸವನ್ನೂ ಇಟ್ಟು ಬದುಕಿವೆ.

ಕೋಳಿ ತಿನ್ನುವ ಹಕ್ಕಿನ ಮಾತು ಎತ್ತಿದ ಮೇಲೆ ಕೋಳಿಯ ಹಿಂದಿನ ಕೈಗಳ ಮಾತನ್ನು ಬಿಡುವುದು ಸರಿಯಲ್ಲ. ಅಮೆರಿಕದ ಕೋಳಿ ಕಾರ್ಖಾನೆಗಳ ಸಾಲಿನಲ್ಲಿ ನಿಂತು ತಣ್ಣನೆಯ ಕೋಣೆಯಲ್ಲಿ ಗಂಟೆಗಟ್ಟಲೆ ಒಂದೇ ಕೊಯ್ತವನ್ನು ಕೊಯ್ಯುವವರಲ್ಲಿ ದೊಡ್ಡ ಪಾಲು ವಲಸಿಗರು, ಕಪ್ಪು ಜನ. 2019ರ ಆಗಸ್ಟ್ 7ರಂದು ಮಿಸಿಸಿಪ್ಪಿಯ ಕೋಳಿ ಕಾರ್ಖಾನೆಗಳ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ ಸುಮಾರು 680 ಜನರನ್ನು ಹಿಡಿದೊಯ್ದರು. ಶಾಲೆಯ ಮೊದಲ ದಿನ ಮುಗಿಸಿ ಮನೆಗೆ ಬಂದ ಮಕ್ಕಳಿಗೆ ಬಾಗಿಲು ತೆರೆಯುವವರಿರಲಿಲ್ಲ. 2020ರ ಏಪ್ರಿಲಿನಲ್ಲಿ, ಸೋಂಕು ಹಬ್ಬಿ ಮಾಂಸದ ಕಾರ್ಖಾನೆಗಳು ಮುಚ್ಚತೊಡಗಿದಾಗ, ಅವು ನಡೆಯಲೇಬೇಕೆಂದು ಅಧ್ಯಕ್ಷರ ಆದೇಶ ಹೊರಟಿತು. ಮನೆಗಳಲ್ಲಿ ಕುಳಿತು ಗಣಕದ ಮುಂದೆ ದುಡಿಯಬಲ್ಲವರು ಶೀತ ಜ್ವರಕ್ಕೆಂದು ಕೋಳಿಸಾರು ಕಾಯಿಸುತ್ತಿದ್ದ ಅದೇ ವಾರಗಳಲ್ಲಿ, ಆ ಕೋಳಿಯನ್ನು ಕೊಯ್ದವರು ಭುಜಕ್ಕೆ ಭುಜ ತಾಗಿಸಿ ನಿಂತು ಸೋಂಕು ಹಚ್ಚಿಕೊಳ್ಳುತ್ತಿದ್ದರು. ವೀಸಾದ ಬಣ್ಣ ಬೇರೆಯಾದ ಮಾತ್ರಕ್ಕೆ ಈ ಎರಡು ವಲಸೆಗಳು ಬೇರೆ ಬೇರೆ ಲೋಕದವು ಎಂದು ನಂಬುವುದು ಕ್ಯಾಂಟನ್ನಿನಂಥ ಊರಿನಲ್ಲಿ ಬಹಳ ಸುಲಭ.

ಶೀತಕ್ಕೆ ಕೋಳಿಸಾರು ನಿಜಕ್ಕೂ ಮದ್ದೇ ಎಂದು ಕೇಳುವವರಿಗೆ: ಸ್ಟೀಫನ್ ರೆನಾರ್ಡ್ ಎಂಬ ಶ್ವಾಸಕೋಶದ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೋಳಿಸಾರು ಬಿಳಿರಕ್ತಕಣಗಳ ಒಂದು ಬಗೆಯ ಓಡಾಟವನ್ನು ತಗ್ಗಿಸಿತ್ತು. ಪ್ರಯೋಗಶಾಲೆಯ ಪಾತ್ರೆಯಲ್ಲಿ, ಮನುಷ್ಯರ ಮೈಯೊಳಗಲ್ಲ. ಸಾರಿನ ವಿಧಾನ ಅವರ ಹೆಂಡತಿಯ ಕಡೆಯ ಲಿಥುವೇನಿಯಾದ ಅಜ್ಜಿಯದು. ಅಧ್ಯಯನ ನಡೆದ ಊರು ಒಮಾಹಾ. ಗ್ರೀಕರ ಕೇರಿ ಉರಿದ ಅದೇ ಒಮಾಹಾ.

ಇನ್ನು ಖರ್ಚಿನ ಮಾತು. ಹಕ್ಕಿಜ್ವರದಿಂದ ಕೋಟಿಗಟ್ಟಲೆ ಮೊಟ್ಟೆಕೋಳಿಗಳನ್ನು ಕೊಂದ ಮೇಲೆ 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟಿಗೆ ಏರಿತ್ತು. ಆಗಲೂ ಈ ಸಾರಿಗೆ ಬೇಕಾದದ್ದು ಮೂರೇ ಮೊಟ್ಟೆ. ಒಂದು ಕೋಳಿಯಲ್ಲಿ ಆರು ಜನ ಉಣ್ಣಬಹುದು. ಬಡವರ ಅಡುಗೆಯಾಗಿ ಅದು ಹುಟ್ಟಿದ್ದು ಸುಮ್ಮನಲ್ಲ.

ಬಡಿಸುವಾಗ ಬಿಡಿಸಿಟ್ಟ ಕೋಳಿಯನ್ನು ಬಟ್ಟಲಿಗೆ ಹಾಕಿ ಮೇಲೆ ಸಾರು ಹುಯ್ಯಬೇಕು. ಗ್ರೀಕರು ಸಬ್ಬಸಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುವುದುಂಟು, ಮೇಲೊಂದಿಷ್ಟು ಮೆಣಸಿನಪುಡಿ. ಬ್ಯಾಡಗಿ ಮೆಣಸಿನಕಾಯಿ ಹುರಿದು ಮುರಿದು ಹಾಕಿಕೊಳ್ಳುವ ಕನ್ನಡಿಗರನ್ನು ಗ್ರೀಕರು ಕ್ಷಮಿಸಲಿ. ಉಳಿದ ಸಾರನ್ನು ಮರುದಿನ ನೋಡಿದರೆ ಅಕ್ಕಿ ನೀರನ್ನೆಲ್ಲ ಕುಡಿದು ಪಾಯಸದಂತೆ ಗಟ್ಟಿಯಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ, ಸಣ್ಣ ಉರಿಯಲ್ಲಿ, ಕಲಕುತ್ತ ಬೆಚ್ಚಗೆ ಮಾಡಬೇಕು. ಕುದಿಸಬಾರದು. ಮೈಕ್ರೋವೇವಿನಲ್ಲಿ ಇಟ್ಟರೆ ಅರ್ಧ ನಿಮಿಷಕ್ಕೊಮ್ಮೆ ಹೊರತೆಗೆದು ಕಲಕಬೇಕು, ಇಲ್ಲದಿದ್ದರೆ ಒಡೆಯುತ್ತದೆ.